ವಿಮಾನಗಳು ಬಂದವು, ಹಾರಿಸುವವರು ಬರಲಿಲ್ಲ

ನಾನು ಹಾರಿಸಿದ ವಿಮಾನಗಳಿಗೆ ಕಿಟಕಿಗಳಿರಲಿಲ್ಲ. ಮುಂದೆ ನಮ್ಮಿಬ್ಬರು ಪೈಲಟ್‌ಗಳ ಎದುರಿಗಿದ್ದ ಗಾಜು ಬಿಟ್ಟರೆ, ಹಿಂದೆ ಬಾಲದವರೆಗೂ ಮುಚ್ಚಿದ ಗೋಡೆ. ಸೀಟಿಲ್ಲ, ಗಗನಸಖಿಯರಿಲ್ಲ, ಇಳಿದುಹೋಗುವಾಗ ನಕ್ಕು ಕೈಮುಗಿಯುವವರಿಲ್ಲ. ಔಷಧಿ, ಮೊಬೈಲ್ ಫೋನು, ಸೀರೆಯ ಪಾರ್ಸಲ್ಲು, ದಾಳಿಂಬೆ, ಕಾರ್ಖಾನೆಯ ಬಿಡಿಭಾಗ ಇವೇ ನಮ್ಮ ಪ್ರಯಾಣಿಕರು. ಒಮ್ಮೆ ಮೊಟ್ಟೆಯೊಡೆದು ಒಂದೇ ದಿನವಾಗಿದ್ದ ಕೋಳಿಮರಿಗಳನ್ನು ಒಯ್ದೆವು. ಇಳಿಯುವಾಗ ಕಂಟ್ರೋಲ್ ಟವರಿನವನು, "ನಿಮ್ಮ ರೇಡಿಯೋದಲ್ಲಿ ಏನೋ ಸದ್ದು ಬರುತ್ತಿದೆ, ಪರೀಕ್ಷಿಸಿ" ಎಂದ. ನಾನು ಕೋಳಿಮರಿಗಳ ಕಡೆಯ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದೆ.

ನಮ್ಮ ಸಂಡೂರಿನ ನೆಂಟರಿಗೆ ನನ್ನ ಕೆಲಸ ವಿವರಿಸುವುದು ಕಷ್ಟವಾಗಲಿಲ್ಲ. "ಸರಕಿನ ವಿಮಾನ ಅಂದ್ರ ಲಾರಿ ಇದ್ದಂಗಲ್ಲೇನೋ ಪಂಪಾಪತಿ?" ಎಂದು ಸೋದರಮಾವ ಕೇಳಿದಾಗ, "ಹೌದು ಮಾಮ, ಲಾರಿ ಇದ್ದಂಗ" ಎಂದೆ. ಅದಿರಿನ ಲಾರಿಗಳ ಸಾಲು ನೋಡುತ್ತಲೇ ಬೆಳೆದ ಊರಿಗೆ ಅಷ್ಟು ಸಾಕಾಯಿತು. ನನಗೂ ಅದರಲ್ಲಿ ಅವಮಾನ ಕಾಣಲಿಲ್ಲ.

ಈಗ ನಿವೃತ್ತನಾಗಿ ಹೊಸಪೇಟೆಯ ಕಾಲುವೆ ದಂಡೆಯ ಮನೆಯಲ್ಲಿದ್ದೇನೆ. ಪೈಲಟ್ ಲೈಸೆನ್ಸ್ ಕೈಗೆ ಬಂದ ಹುಡುಗ ಹುಡುಗಿಯರು ಬಳ್ಳಾರಿಯಿಂದ, ಗಂಗಾವತಿಯಿಂದ ಆಗಾಗ ಬರುತ್ತಾರೆ. ಯಾವ ಕಂಪನಿ ಸೇರಲಿ, ಯಾವ ವಿಮಾನ ಒಳ್ಳೆಯದು, ಕ್ಯಾಪ್ಟನ್ ಆಗಲು ಎಷ್ಟು ವರ್ಷ ಬೇಕು ಎಂದು ಕೇಳುತ್ತಾರೆ. ಒಂದು ವಿಮಾನಕ್ಕೆ ನಿಮ್ಮಲ್ಲಿ ಎಷ್ಟು ಜನ ಪೈಲಟ್‌ಗಳಿದ್ದಾರೆ ಎಂದು ಕಂಪನಿಯನ್ನು ಕೇಳಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಅದು ಹೇಗೆ ಹೊಳೆಯಿತು ಎಂಬುದನ್ನು ಬರೆಯುತ್ತೇನೆ.

ವಾಯುಪಡೆಯಲ್ಲಿ ಸಾಗಣೆ ವಿಮಾನ ಹಾರಿಸಿ, ಅವಧಿ ಮುಗಿಸಿ ಹೊರಬಂದ ಮೇಲೆ ನಾನು ಸೇರಿದ್ದು ಮೂರೇ ವಿಮಾನಗಳಿದ್ದ ಒಂದು ಸರಕು ಕಂಪನಿಯನ್ನು. ನಮ್ಮ ಕಾರ್ಯಾಚರಣೆಯ ಮುಖ್ಯಸ್ಥರು ಕ್ಯಾಪ್ಟನ್ ದಿನಕರ್. ಮೈಸೂರಿನ ಕಡೆಯವರು, ಗಿಡ್ಡ ಆಳು, ಬಾಯಲ್ಲಿ ಸದಾ ಒಂದು ಲವಂಗ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರಿಂದ ನಾನು ಕಲಿತ ಮೊದಲ ಪಾಠವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ತಪ್ಪು ನನ್ನದು.

ಸರಕು ವಿಮಾನದಲ್ಲಿ ಯಾವ ಭಾರ ಎಲ್ಲಿ ಕೂತಿದೆ ಎಂದು ಬರೆದ ಕಾಗದಕ್ಕೆ ಲೋಡ್ ಶೀಟ್ ಎನ್ನುತ್ತಾರೆ. ಕ್ಯಾಪ್ಟನ್ ಅದನ್ನು ಓದಿ, ಬೇಕಿದ್ದರೆ ಹಿಂದೆ ಹೋಗಿ ನೋಡಿ, ಸಹಿ ಹಾಕಬೇಕು. ಸೇರಿದ ಮೊದಲ ವರ್ಷ, ಒಂದು ಮಧ್ಯಾಹ್ನ, ಹೊರಗೆ ಸುಡುಬಿಸಿಲು. ನಾನು ಕೂತಲ್ಲಿಂದಲೇ ಸಹಿ ಹಾಕಿದೆ. ಎಲ್ಲಕ್ಕಿಂತ ಭಾರದ ಯಂತ್ರವೊಂದನ್ನು ಮಧ್ಯದಲ್ಲಿಡುವ ಬದಲು ಬಾಲದ ಹತ್ತಿರ ಇಟ್ಟಿದ್ದರು. ರನ್‌ವೇಯಲ್ಲಿ ಓಡುತ್ತಿದ್ದ ವಿಮಾನ, ನಾನು ಎಳೆಯುವ ಮೊದಲೇ ತಾನಾಗಿ ಮೂಗೆತ್ತಿತು. ಎರಡೂ ಕೈಯಿಂದ ಹಿಡಿಕೆಯನ್ನು ಮುಂದಕ್ಕೆ ತಳ್ಳಿ ಹಿಡಿದು, ಹೇಗೋ ಒಂದು ಸುತ್ತು ಹಾಕಿ ಇಳಿಸಿದೆ.

ದಿನಕರ್ ಲೋಡ್ ಶೀಟನ್ನು ನನ್ನೆದುರು ಇಟ್ಟರು. "ಇದು ಯಾರ ಸಹಿ?"

"ನಂದು ಸರ್."

"ಹಿಂದೆ ಹೋಗಿ ನೋಡಿದ್ಯಾ?"

"ಇಲ್ಲ ಸರ್."

"ಹಾಗಾದ್ರೆ ಇದು ಸಹಿ ಅಲ್ಲ ಕಣಯ್ಯ. ನಿನ್ನ ಹೆಸರು ಬರೆದಿದ್ದೀಯ, ಅಷ್ಟೆ."

ಮರುದಿನದಿಂದ ಒಂದು ವಾರ ನನ್ನನ್ನು ಹಮಾಲರ ಜೊತೆ ಹಾಕಿದರು. ಅಲ್ಯೂಮಿನಿಯಂ ಹಲಗೆಯ ಮೇಲೆ ಸರಕು ಜೋಡಿಸುವುದು, ಬಲೆ ಬಿಗಿಯುವುದು, ವಿಮಾನದೊಳಗೆ ತಳ್ಳಿ ನೆಲದ ಕೊಂಡಿಗೆ ಸಿಗಿಸುವುದು. ಕೈಬೆರಳು ಜಜ್ಜಿಕೊಂಡೆ, ಕೆಲಸ ಕಲಿತೆ. ಆ ವಾರದ ನಂತರ ನಾನು ಹಿಂದೆ ಹೋಗಿ ಕೊಂಡಿ ಮುಟ್ಟಿ ನೋಡದೆ ಹಾರಿದ್ದಿಲ್ಲ.

ಆರೇಳು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಆಮೇಲೆ ಜನ ಮನೆಯಲ್ಲೇ ಕೂತು ಫೋನಿನಲ್ಲಿ ಸಾಮಾನು ತರಿಸುವ ಕಾಲ ಬಂತು. ನಮ್ಮ ಗೋದಾಮಿನಲ್ಲಿ ಪಾರ್ಸಲ್ಲಿನ ಗುಡ್ಡ ಬೆಳೆಯಿತು. ಮಾಲೀಕರು ಇನ್ನೆರಡು ವಿಮಾನ ತಂದರು. ಹ್ಯಾಂಗರಿನಲ್ಲಿ ಕೇಕ್ ಕತ್ತರಿಸಿ, ಗೋಡೆಯ ಮೇಲೆ ದೊಡ್ಡ ನಕ್ಷೆ ತೋರಿಸಿ, ಎಂಟು ವಿಮಾನದವರೆಗೆ ಹೋಗುತ್ತೇವೆ ಎಂದರು. ನಾವು ಜೋರಾಗಿ ಚಪ್ಪಾಳೆ ತಟ್ಟಿದೆವು. ವಿಮಾನ ಹೆಚ್ಚಾದರೆ ಕೋಪೈಲಟ್‌ಗಳು ಬೇಗ ಕ್ಯಾಪ್ಟನ್ ಆಗುತ್ತಾರೆ, ಕ್ಯಾಪ್ಟನ್‌ಗಳು ತರಬೇತುದಾರರಾಗುತ್ತಾರೆ. ನಾನೂ ತರಬೇತುದಾರನಾದೆ.

ಮೂರು ವಿಮಾನವಿದ್ದಾಗ ನಾವು ಇಪ್ಪತ್ತೆಂಟು ಜನ ಪೈಲಟ್‌ಗಳಿದ್ದೆವು. ಐದು ವಿಮಾನವಾದಾಗ ಇಪ್ಪತ್ತೊಂಬತ್ತು ಜನ ಇದ್ದೆವು.

ಮೊದಮೊದಲು ಗೊತ್ತಾಗಲಿಲ್ಲ. ಹಿಂದೆಲ್ಲ ಡ್ಯೂಟಿ ಪಟ್ಟಿ ತಿಂಗಳಿಗೊಮ್ಮೆ ಬೋರ್ಡಿಗೆ ಬೀಳುತ್ತಿತ್ತು. ಬದಲಾಯಿಸಬೇಕಾದರೆ ಪಟ್ಟಿ ಮಾಡುವ ಮನುಷ್ಯ ಫೋನು ಮಾಡಿ ದೈನ್ಯದಿಂದ ಕೇಳುತ್ತಿದ್ದ. ಈಗ ಪಟ್ಟಿ ಮೊಬೈಲಿಗೆ ಬಂತು. ಟಿಂಗ್ ಎಂದರೆ ನಾಳೆಯ ರಜೆ ಹೋಯಿತು, ಇನ್ನೊಮ್ಮೆ ಟಿಂಗ್ ಎಂದರೆ ಮೂರು ಊರಿನ ಸುತ್ತು ನಾಲ್ಕಾಯಿತು. ಕೇಳಿಕೊಳ್ಳುವವನೂ ಇಲ್ಲ, ಬೈಸಿಕೊಳ್ಳುವವನೂ ಇಲ್ಲ. ಕಾಗದದ ಮೇಲೆ ಎಲ್ಲವೂ ನಿಯಮದೊಳಗೇ ಇತ್ತು. ಆದರೆ ಒಂದು ದಿನ ಬೆಳಿಗ್ಗೆ, ಮರುದಿನ ಸಂಜೆ, ಮೂರನೆಯ ದಿನ ನಡುರಾತ್ರಿಗೆ ಎದ್ದು ಹೊರಟರೆ, ಕೊಟ್ಟ ವಿಶ್ರಾಂತಿಯಲ್ಲಿ ಹಾಸಿಗೆ ಸಿಗುತ್ತದೆ, ನಿದ್ದೆ ಸಿಗುವುದಿಲ್ಲ. ಊಟದ ಡಬ್ಬಿ ತೆರೆದಾಗ ಇದು ಬೆಳಗಿನ ತಿಂಡಿಯೋ ರಾತ್ರಿಯೂಟವೋ ತಿಳಿಯದೆ ಕೂತದ್ದಿದೆ.

ಇನ್ನು ನಾನು ಹೇಳಬೇಕಾದದ್ದನ್ನು ಹೇಳುತ್ತೇನೆ.

ನಜ್ಮಾ ಎಂಬ ಕೋಪೈಲಟ್ ಇದ್ದಳು. ಕಂಪ್ಲಿಯವಳು; ತಂದೆಗೆ ಅಲ್ಲಿ ಅಕ್ಕಿ ಗಿರಣಿಯ ಯಂತ್ರಗಳ ರಿಪೇರಿ ಅಂಗಡಿ. ನಮ್ಮ ಸೀಮೆಯವಳೆಂದು ನನಗೆ ಅಭಿಮಾನ, ಕೈ ಚುರುಕೆಂದು ಅದಕ್ಕಿಂತ ಹೆಚ್ಚು ಅಭಿಮಾನ. ಕೆಲವೇ ತಿಂಗಳಲ್ಲಿ ಅವಳು ಕ್ಯಾಪ್ಟನ್ ಪರೀಕ್ಷೆಗೆ ಕೂರುವವಳಿದ್ದಳು. ಅಂದು ನಾವಿಬ್ಬರೂ ಮೂರನೆಯ ಹಾರಾಟದಲ್ಲಿದ್ದೆವು. ಪೂರ್ವ ಕರಾವಳಿಯ ಊರಿಗೆ ಹೋಗುತ್ತಿದ್ದೆವು. ಬೆಳಗಾಗಿತ್ತು. ಎಳೆಬಿಸಿಲು ಗಾಜಿನಿಂದ ನೇರವಾಗಿ ಎದೆಯ ಮೇಲೆ ಬಿದ್ದು ಹಿತವಾಗಿತ್ತು. ವಿಮಾನ ಆಟೋಪೈಲಟ್‌ನಲ್ಲಿತ್ತು. "ಕಾಫಿ ಕುಡೀತಿ ಏನ್?" ಎಂದು ಕೇಳಿದೆ. "ಬ್ಯಾಡ ಸರ್" ಎಂದಳು. ನನಗೆ ನೆನಪಿರುವುದು ಅಷ್ಟೆ.

ಆಮೇಲೆ ಕೇಳಿದ್ದು ಯಾರೋ ನಮ್ಮ ವಿಮಾನದ ಸಂಖ್ಯೆಯನ್ನು ಕೂಗುತ್ತಿದ್ದುದು. ಕಂಟ್ರೋಲಿನವರ ದನಿಯಲ್ಲ ಅದು. ಅವರು ಕರೆದು ಕರೆದು ಸೋತು, ಹತ್ತಿರ ಹಾರುತ್ತಿದ್ದ ಬೇರೆ ಕಂಪನಿಯ ಪೈಲಟ್‌ಗೆ ಹೇಳಿದ್ದರು, ಅವನು ಕೂಗುತ್ತಿದ್ದ. ಪಕ್ಕಕ್ಕೆ ತಿರುಗಿದೆ. ನಜ್ಮಾಳ ಗದ್ದ ಎದೆಗೆ ತಾಗಿತ್ತು. ಕೆಳಗಿಳಿಯಲು ಶುರುಮಾಡಬೇಕಿದ್ದ ಜಾಗ ಎಷ್ಟೋ ಹಿಂದೆ ಉಳಿದಿತ್ತು. ಮುಂದೆ ಬರೀ ಸಮುದ್ರ.

ಅವಳ ಭುಜ ತಟ್ಟಿ ಎಬ್ಬಿಸಿದೆ. ಕಣ್ಣು ಬಿಟ್ಟವಳು ಗಡಿಯಾರ ನೋಡಿದಳು, ನಕ್ಷೆ ನೋಡಿದಳು, ನನ್ನನ್ನು ನೋಡಿದಳು. ಕಂಟ್ರೋಲಿನವರು ಏನಾಯಿತೆಂದು ಕೇಳಿದರು. ನಾನು, "ರೇಡಿಯೋ ಕೆಟ್ಟಿತ್ತು" ಎಂದೆ.

"ಈಗ ಸರಿಯಾಗಿದೆಯೇ?"

"ಸರಿಯಾಗಿದೆ."

ವಿಮಾನ ತಿರುಗಿಸಿ ತಂದು ಇಳಿಸಿದೆವು. ಆಡಿದ ಸುಳ್ಳಿಗೆ ಹೊಂದುವಂತೆ ವಿಮಾನದ ಪುಸ್ತಕದಲ್ಲಿ ರೇಡಿಯೋ ದೋಷ ಎಂದು ಬರೆದೆ. ಎಂಜಿನಿಯರ್ ಎರಡು ಗಂಟೆ ತಿಣುಕಿ ಆ ಸೆಟ್ಟನ್ನು ಬಿಚ್ಚಿ ಬೇರೆಯದನ್ನು ಹಾಕಿದ. "ಹಳೇದರಲ್ಲಿ ಏನೂ ದೋಷ ಸಿಗಲಿಲ್ಲ ಸರ್, ಆದರೂ ಬದಲಾಯಿಸಿದ್ದೇನೆ" ಎಂದು ಬೆವರು ಒರೆಸಿಕೊಂಡ. ಅವನ ಮುಖ ನೋಡಲಾಗದೆ ಬೂಟಿನ ದಾರ ಕಟ್ಟುವವನಂತೆ ಬಗ್ಗಿದೆ. ನಜ್ಮಾಳೂ ನಾನೂ ಆ ವಿಷಯ ಮತ್ತೆ ಎತ್ತಲಿಲ್ಲ.

ಅದೇ ತಿಂಗಳು ಕಂಪನಿ ಹೊಸ ಕೆಲಸದ ಒಪ್ಪಂದ ಮುಂದಿಟ್ಟಿತು. ಹೆಚ್ಚು ಹಾರಿದವರಿಗೆ ಹೆಚ್ಚು ಭತ್ಯೆ. ಬದಲಿಗೆ ಎರಡು ಡ್ಯೂಟಿಗಳ ನಡುವಿನ ಬಿಡುವನ್ನು ಕಂಪನಿ ಕಾನೂನಿನ ಕನಿಷ್ಠಕ್ಕೆ ಇಳಿಸಬಹುದು, ರಜೆಯ ದಿನವೂ ಕರೆಯಬಹುದು. ಬಹಳ ಜನ ಸಹಿ ಹಾಕಲು ಸಿದ್ಧರಿದ್ದರು. ಕಂಪನಿಯೊಂದಿಗೆ ಮಾತಾಡಲು ಮೂವರ ಸಮಿತಿ ಮಾಡಿದೆವು. ಕೋಪೈಲಟ್‌ಗಳ ಪರ ನಜ್ಮಾ; ಕ್ಯಾಪ್ಟನ್‌ಗಳ ಪರ ನಾನು ಮತ್ತು ಅರೋರಾ. ಅರೋರಾ ಉತ್ತರದವನು, ನನಗಿಂತ ಎರಡು ವರ್ಷ ಚಿಕ್ಕವನು. ಮೂರು ರಾತ್ರಿ ನಿದ್ದೆಗೆಟ್ಟರೂ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕಾಣುವ ಗಟ್ಟಿ ಆಳು. ದಣಿವು ಎಂಬ ಮಾತೆತ್ತಿದರೆ, "ಅದು ಸೋಮಾರಿಗಳ ಪದ" ಎನ್ನುತ್ತಿದ್ದ.

ಆಗ ನಮ್ಮಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ನಾನು ರಜೆ ಹಾಕಿ ಹೊಸಪೇಟೆಯಲ್ಲಿದ್ದೆ. ಕಂಪನಿಯ ಊರಿನಲ್ಲಿ ಮೂವರು ಪೈಲಟ್‌ಗಳು ಒಟ್ಟಿಗೆ ಚಹಾ ಕುಡಿದರೂ ಸುದ್ದಿಯಾಗುತ್ತಿತ್ತು. ಹಾಗಾಗಿ ಅರೋರಾ, ನಜ್ಮಾ ಇಬ್ಬರೂ ರೈಲು ಹತ್ತಿ ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಸುಮಂಗಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಇಟ್ಟಳು. ಖಾರಕ್ಕೆ ಅರೋರಾನ ಕಿವಿ ಕೆಂಪಾಯಿತು, ಆದರೂ ಬಿಡಲಿಲ್ಲ, ಮತ್ತೆ ಹಾಕಿಸಿಕೊಂಡ.

ಅಪ್ಪ ತಿಪ್ಪಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯ ಈಜಿಚೇರಿನಲ್ಲಿದ್ದ. ಸಂಡೂರಿನ ಗುಡ್ಡದಲ್ಲಿ ಆಗ ಇದ್ದ, ಈಗ ಇಲ್ಲದ ಒಂದು ಖಾಸಗಿ ಗಣಿಯಲ್ಲಿ ಡಂಪರ್ ಓಡಿಸಿದವನು. ಅದಿರು ತುಂಬಿಕೊಂಡು ಗುಡ್ಡದ ಅಂಚಿನ ದಾರಿಯಲ್ಲಿ ಇಳಿಯುವ ಆ ದೈತ್ಯ ಗಾಡಿಯ ಚಕ್ರ ಚಿಕ್ಕಂದಿನಲ್ಲಿ ನನ್ನ ಎರಡರಷ್ಟು ಎತ್ತರವಿತ್ತು. ಕೆಲವು ವರ್ಷ ಅಪ್ಪ ಅಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿಯೂ ಆಗಿದ್ದ. ಒಂದು ದಿನ ಇದ್ದಕ್ಕಿದ್ದಂತೆ ಅದನ್ನು ಬಿಟ್ಟ. ಯಾಕೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾವು ಇಂಗ್ಲಿಷು, ಹಿಂದಿ, ಕನ್ನಡ ಬೆರೆಸಿ ವಾದಿಸುತ್ತಿದ್ದೆವು. ಅರೋರಾಗೆ ಭತ್ಯೆ ಇನ್ನೂ ಏರಿಸಿ ಕೇಳಬೇಕು. ನಜ್ಮಾಳಿಗೆ ಕ್ಯಾಪ್ಟನ್ ಆಗುವ ಸರದಿ ಬರವಣಿಗೆಯಲ್ಲಿ ಬೇಕು. ನನಗೆ ಎರಡೂ ಸರಿಯೆನಿಸುತ್ತಿತ್ತು. ಅಪ್ಪ ನಿದ್ದೆ ಹೋಗಿದ್ದಾನೆ ಅಂದುಕೊಂಡಿದ್ದೆವು.

"ಯವ್ವಾ, ಒಂದು ಮಾತು ಕೇಳ್ತೀನಿ, ಈ ಸಾಹೇಬ್ರಿಗೂ ಹಿಂದ್ಯಾಗ ಹೇಳು," ಎಂದು ಅಪ್ಪ ನಜ್ಮಾಳಿಗೆ ಹೇಳಿದ. "ಹೊಸಾ ವಿಮಾನ ಎರಡು ಬಂದ್ವು ಅಂದ್ರಿ. ಓಡ್ಸೋರು ಎಷ್ಟು ಮಂದಿ ಬಂದ್ರು?"

"ಒಬ್ಬರು ತಾತಾ."

ಅಪ್ಪ ಕನ್ನಡಕ ಸರಿಮಾಡಿಕೊಂಡ. ಆಮೇಲೆ ಹೇಳಿದ. ನಾನು ಮೊದಲ ಸಲ ಕೇಳುತ್ತಿದ್ದೆ.

"ನಮ್ಮಲ್ಲೂ ಹಂಗ ಆತು. ದೊಡ್ಡ ಡಂಪರ್ ಎರಡು ತಂದ್ರು, ಆಪರೇಟರ್ ತರ್ಲಿಲ್ಲ. ಓವರ್‌ಟೈಮ್ ಕೊಡ್ತೀವಿ, ಇದ್ದೋರೇ ಓಡಸ್ರಿ ಅಂದ್ರು. ಮಂದಿ ಖುಷಿ ಆದ್ರು. ಸಂಘದ ಕಡಿಂದ ಸಹಿ ಮಾಡಿದಂವ ನಾನು. ಗಾದಿಲಿಂಗ ಅಂತ ಇದ್ದ, ನನ್ನ ದೋಸ್ತ. ಭಾಳ ಚಲೋ ಡ್ರೈವರ್. ಎರಡು ಸಾರಿ ಕಣ್ಣು ಹತ್ತಿ ದಾರಿ ಮಗ್ಗಲ ಕಲ್ಲುಬಂಡಿಗೆ ಗಾಡಿ ತಾಗಿಸಿದ್ದ. 'ಯಾರಿಗೂ ಹೇಳಬ್ಯಾಡ ತಿಪ್ಪಣ್ಣ, ನೌಕರಿ ಹೋಗತೈತಿ' ಅಂದ. ನಾನು ಹೇಳ್ಲಿಲ್ಲ. ಮೂರನೇ ಸಾರಿ ಬಂಡಿ ಸಿಗ್ಲಿಲ್ಲ, ಅಂಚು ಸಿಕ್ತು. ಡಂಪರ್ ಸಮೇತ ಕೆಳಗ ಹೋದ."

ನಜ್ಮಾ ತಡೆದು ತಡೆದು ಹಿಂದಿಯಲ್ಲಿ ಹೇಳುತ್ತಿದ್ದಳು. ಗಾದಿಲಿಂಗ ಕಾಕ ನನಗೆ ಗೊತ್ತಿದ್ದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಡೂರಿನ ಬಸ್ ಸ್ಟ್ಯಾಂಡಿಗೆ ಕರೆದೊಯ್ಯುತ್ತಿದ್ದವನು. ಬ್ರೇಕ್ ಫೇಲಾಗಿ ಸತ್ತ ಎಂದು ನಮಗೆ ಹೇಳಿದ್ದರು.

ಅಪ್ಪ ಮುಖವನ್ನು ನಮ್ಮತ್ತ ತಿರುಗಿಸಿದ. ಕಪ್ಪು ಕನ್ನಡಕದ ಹಿಂದೆ ಯಾರನ್ನು ನೋಡುತ್ತಿದ್ದಾನೋ ತಿಳಿಯಲಿಲ್ಲ. "ನಿಮ್ಮಾಗ ಯಾರಿಗಾದ್ರೂ ಕಣ್ಣು ಹತ್ತಿದ್ದು ಐತೇನಪ?"

ನಜ್ಮಾ ಅದನ್ನು ಹಿಂದಿಗೆ ಹೇಳಲಿಲ್ಲ. "ಏನು ಕೇಳಿದರು?" ಎಂದು ಅರೋರಾ ನಮ್ಮಿಬ್ಬರನ್ನೂ ನೋಡಿದ. ನಾನು, "ಚಹಾ ಇನ್ನೊಂದು ಸುತ್ತು ಬೇಕಾ ಅಂತ" ಎಂದೆ. ಅಪ್ಪನಿಗೆ ಹಿಂದಿ ಬರುತ್ತಿರಲಿಲ್ಲವೆಂದು ನಾನು ನಂಬಿದ್ದೆ. ಗಣಿಯಲ್ಲಿ ಮೂವತ್ತು ವರ್ಷ ದುಡಿದವನಿಗೆ ಅಷ್ಟು ಹಿಂದಿ ಬಂದೇ ಬರುತ್ತದೆ. ಅವನು ಸುಮ್ಮನೆ ಕುರ್ಚಿಗೆ ಒರಗಿದ.

ಮರುದಿನ ಬೆಳಿಗ್ಗೆ ಅರೋರಾಗೆ ಹಂಪಿ ತೋರಿಸಲು ಕರೆದೊಯ್ದೆವು. ಅವನು ಹೊಳೆಯಲ್ಲಿ ಹರಿಗೋಲು ಹತ್ತಬೇಕೆಂದು ಹಟಮಾಡಿ ಹತ್ತಿ ಕೂತ. ಬಿದಿರಿನ ದುಂಡು ಬುಟ್ಟಿ ಗಿರಗಿರನೆ ತಿರುಗತೊಡಗಿದಾಗ ಹದಿನಾರು ಸಾವಿರ ತಾಸು ಹಾರಿದ ಕ್ಯಾಪ್ಟನ್ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾವಿಬ್ಬರು ದಂಡೆಯ ಮೆಟ್ಟಿಲ ಮೇಲೆ ಉಳಿದೆವು.

"ಸರ್, ನಿನ್ನೆ ತಾತ ಕೇಳಿದ್ದಕ್ಕ ನಾವು ಜವಾಬು ಕೊಡ್ಲಿಲ್ಲ," ಎಂದಳು ನಜ್ಮಾ.

"ಕೊಟ್ರ ನಿನ್ನ ಪರೀಕ್ಷೆ ಗತಿ?"

"ಮುಂದಕ್ಕ ಹೋಗ್ತೈತಿ."

"ನಿನ್ನ ಹೆಸರು ಬ್ಯಾಡ. ರೇಡಿಯೋದಾಗ ಸುಳ್ಳು ಹೇಳಿದಂವ ನಾನು. ನಾನೇ ಹೇಳ್ತೀನಿ."

ಅವಳು ನೀರನ್ನೇ ನೋಡುತ್ತಿದ್ದಳು. "ನೀವು ಒಬ್ರೇ ಮಲಗಿದ್ರಿ ಅಂದ್ರ, ನಾನು ಎಚ್ಚರ ಇದ್ದು ಸುಮ್ನ ಕುಂತಿದ್ದೆ ಅಂತ ಆಗ್ತೈತಲ್ರೀ ಸರ್?"

ಇದು ನನಗೆ ಹೊಳೆದಿರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಹುಡುಗಿ ಯೋಚಿಸಿದ್ದಳು.

ಅರೋರಾ ಒದ್ದೆ ಪ್ಯಾಂಟಿನಲ್ಲಿ ನಗುತ್ತಾ ಬಂದ. ಅವನಿಗೆ ಎಲ್ಲವನ್ನೂ ಹೇಳಿದೆವು. ನಗು ಹೋಯಿತು. "ನಿಮಗೆ ತಲೆ ಕೆಟ್ಟಿದೆಯಾ? ಇದನ್ನೇ ಹಿಡಿದು ಅವರು ನಮ್ಮನ್ನೆಲ್ಲ ಮುರಿಯುತ್ತಾರೆ. ಆಗಿದ್ದು ಆಯಿತು, ಯಾರಿಗೂ ಏನೂ ಆಗಲಿಲ್ಲ" ಎಂದು ಕೂಗಾಡಿದ. ಸಂಜೆಯ ರೈಲಿಗೆ ಹೊರಟವನು ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದ, ನನ್ನ ಕೈ ಕುಲುಕಲಿಲ್ಲ.

ಹತ್ತು ದಿನದ ನಂತರ ಕಂಪನಿಯ ಕಚೇರಿಯಲ್ಲಿ ಮಾತುಕತೆ. ಮೇಜಿನ ಆ ಕಡೆ ಮಾಲೀಕರು, ಸಿಬ್ಬಂದಿ ವಿಭಾಗದ ಒಬ್ಬ ಅಧಿಕಾರಿ, ಅವರ ಪಕ್ಕದಲ್ಲಿ ಲವಂಗ ಅಗಿಯುತ್ತಾ ದಿನಕರ್. ಈ ಕಡೆ ನಾವು ಮೂವರು. ಅಧಿಕಾರಿ ಗೋಡೆಯ ಮೇಲೆ ಎಂಟು ವಿಮಾನಗಳ ಚಿತ್ರ ಮೂಡಿಸಿ ಒಂದು ಗಂಟೆ ಮಾತಾಡಿದರು. ನಾನು ಎರಡೇ ವಿಷಯ ಕೇಳಿದೆ: ಹೊಸ ವಿಮಾನಕ್ಕೆ ಬೇಕಾದಷ್ಟು ಪೈಲಟ್‌ಗಳು ತರಬೇತಿ ಮುಗಿಸಿ ನಿಲ್ಲುವ ತನಕ ಅದು ಹಾರಬಾರದು. ದಣಿದಿದ್ದೇನೆ ಎಂದು ಪೈಲಟ್ ಹೇಳಿದರೆ ಯಾರೂ ಕಾರಣ ಕೇಳಬಾರದು.

ಅಧಿಕಾರಿ ನಕ್ಕರು. "ಕ್ಯಾಪ್ಟನ್ ಪಂಪಾಪತಿ, ನಮ್ಮ ದಾಖಲೆ ಪೂರ್ತಿ ತೆಗೆದು ನೋಡಿದ್ದೇನೆ. ದಣಿವಿನಿಂದ ಒಂದೇ ಒಂದು ಘಟನೆ ಇಲ್ಲ. ಇದ್ದರೆ ಒಂದು ತೋರಿಸಿ, ಬರೆದುಕೊಡುತ್ತೇವೆ."

ಎದುರಿಗೆ ಲೋಟದಲ್ಲಿ ನೀರಿತ್ತು. ನೀರು ಕುಡಿದರೆ ಮಾತು ಒಳಗೇ ಹೋದೀತು ಅನ್ನಿಸಿ ಕುಡಿಯಲಿಲ್ಲ.

"ಒಂದಿದೆ. ನಿಮ್ಮ ದಾಖಲೆಯಲ್ಲಿ ಅದು ರೇಡಿಯೋ ದೋಷ ಅಂತಿದೆ. ರೇಡಿಯೋ ಸರಿಯಾಗಿತ್ತು. ನಾನು ನಿದ್ದೆ ಮಾಡಿದ್ದೆ."

ಅಧಿಕಾರಿ ಬಾಯಿ ತೆರೆಯುವ ಮೊದಲು ನನ್ನ ಪಕ್ಕದಲ್ಲಿ ಕುರ್ಚಿ ಹಿಂದೆ ಸರಿದ ಸದ್ದಾಯಿತು. ನಜ್ಮಾ ಎದ್ದು ನಿಂತಿದ್ದಳು.

"ನಾನೂ ನಿದ್ದೆ ಮಾಡಿದ್ದೆ ಸರ್. ಇಬ್ಬರೂ ಒಟ್ಟಿಗೆ ಮಾಡಿದ್ವಿ. ಸಮುದ್ರದ ಮೇಲೆ ಹೋಗಿದ್ವಿ."

ಮಾಲೀಕರು ದಿನಕರ್ ಕಡೆ ನೋಡಿದರು. ದಿನಕರ್ ನನ್ನನ್ನೇ ನೋಡುತ್ತಿದ್ದರು. ಅಗಿಯುವುದು ನಿಂತಿತ್ತು. ಎದ್ದು ಮೇಜು ಸುತ್ತಿ ಬಂದು ನನ್ನೆದುರು ಕೈ ಚಾಚಿದರು. "ಐಡಿ ಕಾರ್ಡ್ ಕೊಡು. ನೀನೂ ಕೊಡಮ್ಮ. ಇವತ್ತಿನಿಂದ ಇಬ್ಬರೂ ಹಾರೋದಿಲ್ಲ. ವಿಮಾನಯಾನ ಇಲಾಖೆಗೆ ನಾನೇ ಬರೀತೀನಿ." ಎರಡು ಕಾರ್ಡನ್ನೂ ಜೇಬಿಗೆ ಹಾಕಿಕೊಂಡು, ಅಧಿಕಾರಿಯ ಕಡೆ ತಿರುಗಿದರು. ದನಿ ಅದೇ ತಣ್ಣಗಿತ್ತು. "ಒಂದು ತೋರಿಸಿ ಅಂದ್ರಿ. ತೋರಿಸಿದ್ದಾರೆ. ಬರೀರಿ."

ಅಷ್ಟು ಸುಲಭವಾಗಿ ಬರೆಯಲಿಲ್ಲ, ಇನ್ನೂ ಮೂರು ಸುತ್ತು ಮಾತಾಯಿತು. ಅರೋರಾ ಮೊದಲ ಸುತ್ತಿನಲ್ಲಿ ಬಾಯಿ ಬಿಡಲಿಲ್ಲ. ಎರಡನೆಯ ಸುತ್ತಿನಲ್ಲಿ, ಭತ್ಯೆಯ ವಿಷಯ ಆಮೇಲೆ ನೋಡೋಣ, ಮೊದಲು ಇವೆರಡು ಎಂದ. ಯಾಕೆ ಮನಸ್ಸು ಬದಲಾಯಿಸಿದ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಕೊನೆಗೆ ಎರಡೂ ಮಾತು ಒಪ್ಪಂದಕ್ಕೆ ಸೇರಿದವು. ಆರನೆಯ ವಿಮಾನ ಬಂದು ಹೊಸ ಬಣ್ಣದಲ್ಲಿ ಹೊಳೆಯುತ್ತಾ ನಿಂತಾಗ, ಅದರ ಪೈಲಟ್‌ಗಳು ಇನ್ನೂ ತರಬೇತಿಯಲ್ಲಿದ್ದರು. ಅವರು ಬರುವವರೆಗೆ ಎರಡೂವರೆ ತಿಂಗಳು ಅದು ಕದಲಲಿಲ್ಲ. ಮಾಲೀಕರು ದಿನಾ ಅದರ ಮುಂದೆ ಕಾರು ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಅವರನ್ನು ನಾನು ಹಲವು ವಿಷಯಕ್ಕೆ ಬೈದಿದ್ದೇನೆ. ಆದರೆ ಕೊಟ್ಟ ಮಾತಿಗೆ ಆ ಮನುಷ್ಯ ನಿಂತ.

ನನಗೆ ಮೂರು ತಿಂಗಳು ಹಾರಾಟ ನಿಷೇಧವಾಯಿತು. ತರಬೇತುದಾರನ ಹುದ್ದೆ ಹೋಯಿತು, ಮತ್ತೆ ಬರಲಿಲ್ಲ. ನಜ್ಮಾಳ ಪರೀಕ್ಷೆ ಒಂದು ವರ್ಷ ಮುಂದಕ್ಕೆ ಹೋಯಿತು. ಆಮೇಲೆ ಅವಳು ಕ್ಯಾಪ್ಟನ್ ಆದಳು, ಈಗ ನಾನು ಕಳೆದುಕೊಂಡ ಹುದ್ದೆಯಲ್ಲಿ ಕೂತು ಹೊಸಬರನ್ನು ತಯಾರು ಮಾಡುತ್ತಾಳೆ, ನನಗಿಂತ ಚೆನ್ನಾಗಿ. ಶಿಕ್ಷೆಯ ಸುದ್ದಿಯನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವನು, "ಊರಿಗೆ ಬಂದು ಹೋಗು, ನಿಮ್ಮವ್ವ ಹೋಳಿಗಿ ಮಾಡ್ತಾಳ" ಎಂದ. ಹೋಳಿಗೆ ಮಾಡಲು ಅಂದು ಹಬ್ಬವಿರಲಿಲ್ಲ.

ನಿಷೇಧದ ಆ ದಿನಗಳಲ್ಲಿ ದಿನಕರ್ ನನ್ನನ್ನು ಡ್ಯೂಟಿ ಪಟ್ಟಿಯ ವಿಭಾಗದಲ್ಲಿ ಕೂರಿಸಿದರು. ಹೊಸ ಒಪ್ಪಂದ ಜಾರಿಗೆ ಬಂದು ತಿಂಗಳಾಗಿದ್ದರೂ, ದಣಿದಿದ್ದೇನೆ ಎಂದು ಒಬ್ಬರೂ ಹೇಳಿರಲಿಲ್ಲ. ಬರೆದದ್ದು ಬರೆದಲ್ಲೇ ಉಳಿಯುತ್ತದೆಂದು ನನಗೆ ಅನ್ನಿಸತೊಡಗಿತ್ತು. ಮೊದಲು ಹೇಳುವವನಾಗಲು ಯಾರಿಗೂ ಇಷ್ಟವಿರಲಿಲ್ಲ.

ಒಂದು ಸಂಜೆ ಫೋನು ಬಂತು. ಅರೋರಾ. ಇನ್ನು ಮೂರು ಗಂಟೆಯಲ್ಲಿ ಅವನ ಹಾರಾಟವಿತ್ತು.

"ಪಂಪಾ, ಇವತ್ತು... ಏನಾಯಿತೆಂದರೆ, ಪಕ್ಕದ ಮನೆಯಲ್ಲಿ ಕಟ್ಟಡದ ಕೆಲಸ, ಬೆಳಗಿನಿಂದ ಡ್ರಿಲ್ಲಿಂಗ್, ಆಮೇಲೆ ಮಗಳ ಕಾಲೇಜಿಗೆ..."

"ಅರೋರಾ, ಕಾರಣ ಬೇಡ."

ಆ ಕಡೆ ಉಸಿರು ಕೇಳಿಸಿತು. "ದಣಿದಿದ್ದೇನೆ," ಎಂದ.

"ಮಲಗು," ಎಂದು ಫೋನಿಟ್ಟೆ.

ಬದಲಿಗೆ ಬರಬಹುದಾಗಿದ್ದ ಇಬ್ಬರೂ ಆಗಲೇ ಆಕಾಶದಲ್ಲಿದ್ದರು. ಪಟ್ಟಿಯನ್ನು ಎರಡು ಸಲ ನೋಡಿ ಆ ಹಾರಾಟವನ್ನು ರದ್ದು ಮಾಡಿದೆ. ಹತ್ತು ನಿಮಿಷದೊಳಗೆ ಮಾಲೀಕರ ಫೋನು.

"ವಿಮಾನ ತುಂಬಿ ನಿಂತಿದೆ. ಯಾಕೆ ಹೊರಡುವುದಿಲ್ಲ?"

"ಕ್ಯಾಪ್ಟನ್ ದಣಿದಿದ್ದಾರೆ ಸರ್."

"ಯಾಕೆ, ಏನಾಯಿತು ಅವರಿಗೆ?"

"ಅದನ್ನು ನಾನೂ ಕೇಳಿಲ್ಲ ಸರ್. ನೀವೂ ಕೇಳುವ ಹಾಗಿಲ್ಲ."

ಈ ಕುರ್ಚಿಯೂ ಹೋಯಿತು ಎಂದುಕೊಂಡೆ.

"ಸರಿ," ಎಂದರು ಮಾಲೀಕರು. "ನಾಳೆ ಎಷ್ಟು ಹೊತ್ತಿಗೆ ಹೊರಡುತ್ತದೆ?"

"ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಸರ್."

ಮರುದಿನ ಹತ್ತೂ ಇಪ್ಪತ್ತಕ್ಕೆ ಅದು ಹೊರಟಿತು. ಅರೋರಾನೇ ಹಾರಿಸಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಚೆನ್ನಾಗಿ ನಿದ್ದೆ ಮಾಡಿದವನ ಮುಖವಿತ್ತು.